ಸೈಕಲ್‌ಗೆ ಕೂಲಿಂಗ್ ಗ್ಲಾಸ್ ತಗೊಳ್ಳೋರಿಗೆ: ಕಪ್ಪು ಆಮೇಲೆ, ಮೊದ್ಲು ಕ್ಲಿಯರ್

ಹೊಸದಾಗಿ ಸೈಕಲ್ ತಗೊಂಡೋರು ಹೆಲ್ಮೆಟ್, ಲೈಟು, ಪ್ಯಾಡ್ ಇರೋ ಚಡ್ಡಿ ಎಲ್ಲಾ ಆದ್ಮೇಲೆ ಕೊನೆಗೆ ಕೇಳೋದು ಯಾವ ಕೂಲಿಂಗ್ ಗ್ಲಾಸ್ ತಗೊಳ್ಳಲಿ ಅಂತ. ಕೇಳಿದ ತಕ್ಷಣ ಒಬ್ರು ಹದಿನೈದು ಸಾವಿರದ್ದು ತೋರಿಸ್ತಾರೆ, ಇನ್ನೊಬ್ರು ಅದೇ ಡಿಸೈನ್ ಫುಟ್‌ಪಾತ್‌ನಲ್ಲಿ ಇನ್ನೂರು ರೂಪಾಯಿಗೆ ಸಿಗುತ್ತೆ ಬಿಡಿ ಅಂತಾರೆ, ಅಲ್ಲಿಂದ ಜಗಳ ಶುರು. ನನ್ನ ಕೇಳಿದ್ರೆ ಇಬ್ರೂ ಬಣ್ಣದಿಂದ ಶುರು ಮಾಡಿದಾರೆ, ತೊಂದ್ರೆ ಇರೋದೇ ಅಲ್ಲಿ. ಸೈಕಲ್ ಮೇಲೆ ಕೂತಾಗ ಮುಖದ ಮುಂದೆ ಏನೂ ಇರಲ್ಲ, ಕಾರಿಗಿರೋ ಗಾಜಿಲ್ಲ, ಬೈಕ್ ಹೆಲ್ಮೆಟ್‌ಗಿರೋ ವೈಸರ್ ಇಲ್ಲ, ಗಾಳಿ ಧೂಳು ಹುಳ ಕಡ್ಡಿ ಎಲ್ಲಾ ನೇರ ಕಣ್ಣಿಗೇ. ಆ ಅಡ್ಡಗೋಡೆ ಮೊದ್ಲು ಬೇಕು, ಬಿಸಿಲಿಗೆ ಬಣ್ಣ ಅನ್ನೋದು ಅದ್ರ ಮೇಲಿನ ಮಾತು. ಅದಕ್ಕೇ ನಮ್ಮ ಕಡೆ ಸೈಕಲ್ ಹೊಡೆಯೋರು ಒಂದೇ ಗ್ಲಾಸ್ ತಗೊಳ್ಳೋದಾದ್ರೆ ಕ್ಲಿಯರ್ ಗ್ಲಾಸೇ, ಅಂದ್ರೆ ಬಣ್ಣ ಇಲ್ಲದ್ದೇ ತಗೊಳ್ಳಿ ಅನ್ನೋದು ನನ್ನ ವಾದ, ಯಾಕೆ ಅಂತ ಹೇಳ್ತೀನಿ.

ನಾವು ಸೈಕಲ್ ಹೊಡೆಯೋ ಹೊತ್ತು ನೋಡಿ. ಬೆಂಗಳೂರಿಂದ ನಂದಿ ಬೆಟ್ಟಕ್ಕೆ ಹೋಗೋರು ಟ್ರಾಫಿಕ್ ಶುರುವಾಗೋ ಮುಂಚೆ ಹೆಬ್ಬಾಳ ದಾಟ್ಬೇಕು ಅಂತ ನಾಲ್ಕೂವರೆ ಐದಕ್ಕೆಲ್ಲಾ ಮನೆ ಬಿಡ್ತಾರೆ, ಮೈಸೂರಲ್ಲಿ ಚಾಮುಂಡಿ ಬೆಟ್ಟ ಹತ್ತೋರೂ ಅಷ್ಟೇ. ಸೂರ್ಯ ಹುಟ್ಟೋದು ತಿಂಗಳಿನ ಮೇಲೆ ಆರು ಗಂಟೆ ಆಸುಪಾಸಿಂದ ಆರೂಮುಕ್ಕಾಲರವರೆಗೆ. ಅಂದ್ರೆ ಮೊದಲ ಒಂದೂವರೆ ಗಂಟೆ ಕತ್ತಲು ಇಲ್ಲಾ ಮಬ್ಬು. ಮಾಮೂಲಿ ಕಪ್ಪು ಕೂಲಿಂಗ್ ಗ್ಲಾಸ್ ಒಳಗೆ ಬಿಡೋದು ನೂರಕ್ಕೆ 8ರಿಂದ 18 ಭಾಗ ಬೆಳಕು ಅಷ್ಟೇ, ಆ ಹೊತ್ತಲ್ಲಿ ಅದನ್ನ ಹಾಕ್ಕೊಂಡ್ರೆ ಗುಂಡಿನೂ ಕಾಣಲ್ಲ ಹಂಪೂ ಕಾಣಲ್ಲ. ಹಂಗಾಗಿ ಏನ್ಮಾಡ್ತಾರೆ, ಗ್ಲಾಸ್‌ನ ಹೆಲ್ಮೆಟ್ ಮೇಲೆ ಸಿಗಿಸ್ಕೊಂಡು ಬರಿಗಣ್ಣಲ್ಲಿ ಹೊಡೀತಾರೆ. ಸಂಜೆ ಆಫೀಸಿಂದ ಬರೋರದ್ದೂ ಇದೇ ಕಥೆ. ದುಡ್ಡು ಕೊಟ್ಟು ತಗೊಂಡಿರೋ ಗ್ಲಾಸ್ ಅರ್ಧ ದಾರಿ ತಲೆ ಮೇಲೆ ಕೂತಿರುತ್ತೆ, ಹುಳ ಏಳೋದು ಮಾತ್ರ ಸರಿಯಾಗಿ ಅದೇ ಹೊತ್ತಿಗೆ.

ಕೆರೆ ಪಕ್ಕದ ರೋಡಲ್ಲಿ ಮುಸ್ಸಂಜೆ ಹೋಗಿ ಗೊತ್ತಿದ್ರೆ ಇದು ಅರ್ಥ ಆಗುತ್ತೆ, ಸಣ್ಣ ನುಸಿಗಳ ಮೋಡಾನೇ ತೇಲ್ತಾ ಇರುತ್ತೆ, ಗಂಟೆಗೆ 30 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಎಂಟು ಮೀಟರ್ ಮೇಲೆ, ಅಷ್ಟು ಸ್ಪೀಡಲ್ಲಿ ಅದ್ರೊಳಗೆ ನುಗ್ಗಿದ್ರೆ ರೆಪ್ಪೆ ಮುಚ್ಚೋಕೂ ಟೈಮ್ ಸಿಗಲ್ಲ. ನಂದಿ ಇಳಿಯುವಾಗ 50-60 ಆರಾಮಾಗಿ ಬರುತ್ತೆ, ಅಲ್ಲಿ ಒಂದು ದುಂಬಿ ಕಣ್ಣಿಗೆ ಹೊಡೆದ್ರೆ ನೋವಿಗಿಂತ ದೊಡ್ಡ ಅಪಾಯ ಏನಂದ್ರೆ ತಿರುವಿನ ಮಧ್ಯೆ ಕೈ ಮುಖಕ್ಕೆ ಹೋಗುತ್ತೆ. ಸಿಟಿಯಲ್ಲಾದ್ರೆ ಎಂ ಸ್ಯಾಂಡ್ ಹೊತ್ತ ಟಿಪ್ಪರ್ ಮುಂದೆ ಹೋಗ್ತಿರುತ್ತೆ, ಟಾರ್ಪಾಲ್ ಕಟ್ಟಿದ್ರೂ ಅಂಚಿಂದ ಸುರೀತಾ ಇರುತ್ತೆ, ಆ ಮರಳು ಕಲ್ಲು ಪುಡಿ ಮಾಡಿ ಮಾಡಿದ್ದು, ಕಣ ಎಲ್ಲಾ ಚೂಪು.

ಹಳ್ಳಿ ಕಡೆ ಇನ್ನೊಂದಿದೆ, ಇದನ್ನ ಹೊರದೇಶದ ಸೈಕ್ಲಿಂಗ್ ವಿಡಿಯೋ ನೋಡಿ ಗ್ಲಾಸ್ ಆರಿಸೋರು ಯೋಚನೆನೇ ಮಾಡಿರಲ್ಲ. ಡಿಸೆಂಬರ್ ಜನವರೀಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಹೋದ್ರೆ ರೋಡ್ ಮೇಲೇ ರಾಗಿ ಹುರುಳಿ ಹರಡಿರ್ತಾರೆ, ಓಡಾಡೋ ಗಾಡಿ ಚಕ್ರದಲ್ಲೇ ಒಕ್ಕಣೆ ಆಗ್ಲಿ ಅಂತ. ಮೊದಲೇ ಅದ್ರ ಮೇಲೆ ಸೈಕಲ್ ಟೈರು ಜಾರುತ್ತೆ, ಅಷ್ಟರಲ್ಲಿ ಎದುರಿಂದ ಒಂದು ಬಸ್ ಬಂತು ಅನ್ನಿ, ಹೊಟ್ಟು ಅನ್ನೋದು ಎದೆ ಮಟ್ಟಕ್ಕೆ ಎದ್ದು ಮುಖಕ್ಕೆ ರಾಚುತ್ತೆ, ಕುತ್ತಿಗೆ ಕಾಲರ್ ಒಳಗೆಲ್ಲಾ ನವೆ. ಮಂಡ್ಯ ಕಡೆ ಕಬ್ಬಿನ ಟ್ರಾಕ್ಟರ್ ಹಿಂದೆ ಸಿಕ್ಕಾಕ್ಕೊಂಡ್ರೆ ಕಬ್ಬಿನ ಸೋಗೆ ಹೊರಗೆ ಚಾಚ್ಕೊಂಡು ಅಲ್ಲಾಡ್ತಿರುತ್ತೆ, ಅಂಚು ಬ್ಲೇಡ್ ಥರ. ಇದು ಬರೀ ಕಿರಿಕಿರಿ ವಿಷ್ಯ ಅಲ್ಲ ಸ್ವಾಮಿ. ಹೊಟ್ಟು, ಸೋಗೆ, ಕಡ್ಡಿ, ಈ ಥರ ಗಿಡದ ಚೂರು ಕಣ್ಣಿನ ಕರಿಗುಡ್ಡೆ ಮೇಲಿನ ಪದರಕ್ಕೆ, ಅಂದ್ರೆ ಕಾರ್ನಿಯಾಗೆ ಗೀರು ಹಾಕಿದ್ರೆ ಆ ಗಾಯದಲ್ಲಿ ಫಂಗಸ್ ಸೇರ್ಕೊಂಡು ಹುಣ್ಣಾಗಬಹುದು. ನಮ್ಮ ದೇಶದಲ್ಲಿ ಹೊಲದ ಕೆಲಸ ಮಾಡೋರಿಗೆ ಕಣ್ಣು ಹೋಗೋ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅದಕ್ಕೇ ಕಣ್ಣು ಕೆಂಪಾಗಿ ಬೆಳಕು ನೋಡಕ್ಕಾಗ್ತಿಲ್ಲ ಅಂದ್ರೆ ಮೆಡಿಕಲ್ ಶಾಪಲ್ಲಿ 'ಯಾವ್ದಾದ್ರೂ ಡ್ರಾಪ್ಸ್ ಕೊಡಿ' ಅಂತ ತಗೊಂಡು ಹಾಕ್ಕೋಬೇಡಿ, ಅದ್ರಲ್ಲಿ ಸ್ಟೀರಾಯ್ಡ್ ಇದ್ರೆ ಫಂಗಸ್‌ಗೆ ಗೊಬ್ಬರ ಹಾಕಿದ ಹಾಗೆ, ನೇರ ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ದಾರೀಲಿ ಕಸ ಬಿದ್ರೆ ಉಜ್ಜಬಾರದು, ಶುದ್ಧ ನೀರಲ್ಲಿ ತೊಳೀಬೇಕು, ಎರಡು ಬಾಟಲ್ ಇಟ್ಕೊಳ್ಳೋರು ಎರಡಕ್ಕೂ ಎಲೆಕ್ಟ್ರೋಲೈಟ್ ಕಲಸಿಬಿಟ್ರೆ ಕಣ್ಣಿಗೆ ಹಾಕೋಕೆ ನೀರೇ ಇರಲ್ಲ, ಒಂದು ಬಾಟಲ್ ಬರೀ ನೀರು ಇರ್ಲಿ.

ಗಾಳಿ ವಿಷ್ಯ ಜಾಸ್ತಿ ಎಳೆಯಲ್ಲ. ಕಣ್ಣಿನ ಮೇಲೆ ತೆಳ್ಳಗೆ ನೀರಿನ ಪದರ ಇರುತ್ತೆ, ಗಾಳಿ ಅದನ್ನ ಒಣಗಿಸುತ್ತೆ, ಒಣಗಿದ ಕಣ್ಣು ಜಾಸ್ತಿ ನೀರು ಸುರಿಸುತ್ತೆ, ಇಳಿಜಾರಲ್ಲಿ ಕಣ್ತುಂಬಾ ನೀರು ಬಂದು ಮುಂದೆ ಮಸುಕಾಗೋದು ಇದ್ರಿಂದಾನೇ. ಬಣ್ಣ ಯಾವ್ದಾದ್ರೂ ಇರ್ಲಿ, ಪಕ್ಕದಿಂದ ಗಾಳಿ ನುಗ್ಗದಂಗೆ ಮುಖಕ್ಕೆ ಸುತ್ಕೊಂಡಿರೋ ಗ್ಲಾಸ್ ಇದ್ರೆ ಮುಗೀತು. ಫ್ಯಾಷನ್ ಕೂಲಿಂಗ್ ಗ್ಲಾಸ್, ಅದೇ ಸಪಾಟಾಗಿ ಮೂಗಿನ ಮೇಲೆ ಕೂರೋದು, ಅದು ಇಲ್ಲಿ ಸೋಲುತ್ತೆ.

ಈಗ ಬಿಸಿಲಿಗೆ ಬರೋಣ. ಇಲ್ಲಿ ಮೂರು ಬೇರೆ ಬೇರೆ ವಿಷ್ಯನ ಜನ ಒಂದೇ ಅನ್ಕೊಂಡುಬಿಟ್ಟಿದಾರೆ: ಬಿಸಿ, ಬೆಳಕು, ಯುವಿ (ಬಿಸಿಲಲ್ಲಿರೋ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ). ಬೆಂಗಳೂರಲ್ಲಿ ಸೆಕೆ ಕಮ್ಮಿ, ಹಂಗಾಗಿ ಯುವಿನೂ ಕಮ್ಮಿ ಇರುತ್ತೆ ಅನ್ನೋ ಭಾವನೆ ಇದೆ, ಅದು ಹಂಗಿಲ್ಲ. ನಾವಿರೋದು ಸಮಭಾಜಕ ವೃತ್ತಕ್ಕೆ ಹತ್ರ, 13 ಡಿಗ್ರಿ ಅಕ್ಷಾಂಶ, ಅದ್ರ ಮೇಲೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಸಾವಿರ ಮೀಟರ್ ಮೇಲೆ ಹೋದಂಗೆ ಯುವಿ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ ಆಗುತ್ತೆ. ಮಾರ್ಚ್ ಏಪ್ರಿಲ್ ಮಧ್ಯಾಹ್ನ ಯುವಿ ಇಂಡೆಕ್ಸ್ 11 ದಾಟೋದು ಇಲ್ಲಿ ಮಾಮೂಲು, ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 11ರ ಮೇಲೆ ಅಂದ್ರೆ ಅತೀ ವಿಪರೀತ. ತೆಳು ಮೋಡ ಇದ್ರೂ ಯುವಿ ಬಹುಪಾಲು ಕೆಳಗಿಳಿಯುತ್ತೆ, ಚರ್ಮಕ್ಕೆ ಬಿಸಿ ಗೊತ್ತಾಗಲ್ಲ, ಕಣ್ಣಿಗೆ ಮಾತ್ರ ಬೀಳ್ತಾನೇ ಇರುತ್ತೆ. ವರ್ಷಾನುಗಟ್ಲೆ ಹೀಗಾದ್ರೆ ಪೊರೆ ಬರೋ ಸಾಧ್ಯತೆ ಜಾಸ್ತಿ ಆಗುತ್ತೆ, ಇನ್ನೊಂದು ಪ್ಟೆರಿಜಿಯಂ ಅಂತಾರೆ, ಕಣ್ಣಿನ ಬಿಳಿ ಭಾಗದಿಂದ ಮಾಂಸದ ಪದರ ಬೆಳೆದು ಕರಿಗುಡ್ಡೆ ಕಡೆ ಹರಡೋದು, ಬಿಸಿಲಲ್ಲಿ ಧೂಳಲ್ಲಿ ದುಡಿಯೋರಲ್ಲಿ ಜಾಸ್ತಿ ಕಾಣುತ್ತೆ.

ಯುವಿ ತಡೆಯೋಕೂ ಗ್ಲಾಸ್ ಕಪ್ಪಗಿರೋಕೂ ಸಂಬಂಧನೇ ಇಲ್ಲ. ಕಪ್ಪು ಬಣ್ಣ ಕಣ್ಣಿಗೆ ಕಾಣೋ ಬೆಳಕನ್ನ ಕಮ್ಮಿ ಮಾಡುತ್ತೆ ಅಷ್ಟೇ, ಯುವಿ ತಡೆಯೋದು ಲೆನ್ಸ್‌ನ ವಸ್ತು ಇಲ್ಲಾ ಅದ್ರೊಳಗೆ ಸೇರಿಸಿರೋ ರಾಸಾಯನಿಕ. ಯುವಿ ತಡೆಯದ ಕಪ್ಪು ಗ್ಲಾಸ್ ಬರಿಗಣ್ಣಿಗಿಂತ ಕೆಟ್ಟದಾಗಬಹುದು, ಯಾಕಂದ್ರೆ ಕತ್ತಲಾಯ್ತು ಅಂತ ಕಣ್ಣಿನ ಪಾಪೆ ಅಗಲ ಆಗುತ್ತೆ, ಅಗಲ ಆದ ಬಾಗಿಲಲ್ಲಿ ಯುವಿ ಇನ್ನೂ ಜಾಸ್ತಿ ಒಳಗೆ ಹೋಗಬಹುದು. 'ಯುವಿ 400' ಅಂದ್ರೆ 400 ನ್ಯಾನೋಮೀಟರ್‌ವರೆಗಿನ ಕಿರಣ ಎಲ್ಲಾ ತಡೆಯುತ್ತೆ ಅಂತ ಅರ್ಥ, ಸೂರ್ಯನಿಂದ ನೆಲಕ್ಕೆ ಬರೋ ಯುವಿಎ ಯುವಿಬಿ ಎರಡೂ ಅದ್ರೊಳಗೇ ಬರುತ್ತೆ. ಈಗ ಮಜಾ ಏನಂದ್ರೆ, ಸೈಕ್ಲಿಂಗ್ ಗ್ಲಾಸ್ ಬಹುತೇಕ ಮಾಡೋದು ಪಾಲಿಕಾರ್ಬೊನೇಟ್‌ನಲ್ಲಿ, ಆ ಪ್ಲಾಸ್ಟಿಕ್ಕಿಗೆ ಬಣ್ಣನೇ ಇಲ್ದೆ ಇದ್ರೂ 380 ನ್ಯಾನೋಮೀಟರ್‌ವರೆಗೂ ಯುವಿಯನ್ನ ಹೆಚ್ಚುಕಮ್ಮಿ ಪೂರ್ತಿ ತಾನೇ ನುಂಗುತ್ತೆ. ಅಂದ್ರೆ ಕ್ಲಿಯರ್ ಪಾಲಿಕಾರ್ಬೊನೇಟ್ ಗ್ಲಾಸ್ ಹಾಕ್ಕೊಂಡು ಬಿಸಿಲಿಗೆ ಸಿಕ್ಕಾಕ್ಕೊಂಡ್ರೂ ಕಣ್ಣು ಕುಕ್ಕಬಹುದೇ ಹೊರತು ಯುವಿ ಬಗ್ಗೆ ಭಯ ಬೀಳೋದು ಬೇಡ. ನಾನು ಕ್ಲಿಯರ್ ಕ್ಲಿಯರ್ ಅಂತ ಬಡ್ಕೊಳ್ಳೋದಕ್ಕೆ ಅರ್ಧ ಕಾರಣ ಇದು.

ಸ್ಟಿಕ್ಕರ್ ಮೇಲೆ ನಂಬಿಕೆ ಇಲ್ಲ ಅಂದ್ರೆ, ಇರ್ಲೂಬಾರದು, ಸ್ಟಿಕ್ಕರ್ ಯಾರು ಬೇಕಾದ್ರೂ ಅಂಟಿಸ್ತಾರೆ, ಸ್ವಲ್ಪ ದೊಡ್ಡ ಆಪ್ಟಿಕಲ್ಸ್ ಅಂಗಡಿಗೆ ತಗೊಂಡು ಹೋಗಿ ಯುವಿ ಮೀಟರಲ್ಲಿ ಇಟ್ಟು ತೋರಿಸಿ ಅನ್ನಿ, ಒಂದು ನಿಮಿಷದ ಕೆಲಸ. ಮನೇಲೇ ನೋಡ್ಬೇಕು ಅಂದ್ರೆ ನೋಟಿನ ಪರೀಕ್ಷೆ ಇದೆ: ಯುವಿ ಟಾರ್ಚ್ ಬಿಟ್ರೆ ನೋಟಿನ ನಂಬರ್ ಮತ್ತೆ ಕಾಗದದೊಳಗಿನ ಸಣ್ಣ ಎಳೆಗಳು ಹೊಳೆಯುತ್ತಲ್ಲ, ಟಾರ್ಚ್‌ಗೂ ನೋಟಿಗೂ ಮಧ್ಯ ಲೆನ್ಸ್ ಹಿಡೀರಿ, ಹೊಳಪು ಆರಿಹೋದ್ರೆ ಯುವಿ ತಡೀತಿದೆ ಅಂತ. ನೀವು ನೋಡೋದು ಲೆನ್ಸ್ ಒಳಗಿಂದ ಅಲ್ಲ, ಪಕ್ಕದಿಂದ. ಆದ್ರೆ ಅಗ್ಗದ ಯುವಿ ಟಾರ್ಚ್ ಬಹಳಷ್ಟು 395 ನ್ಯಾನೋಮೀಟರಿನವು, ಕಣ್ಣಿಗೆ ಕಾಣೋ ನೇರಳೆ ಬೆಳಕಿನ ಅಂಚಿಗೇ ಇರುತ್ತೆ, ಅದ್ರಲ್ಲಿ ಒಳ್ಳೆ ಲೆನ್ಸೂ ಫೇಲ್ ಆದಂಗೆ ಕಾಣಬಹುದು. 365ರ ಟಾರ್ಚ್ ಬೇಕು. ಆಪ್ಟಿಕಲ್ಸ್‌ನಲ್ಲಿ ನೀಲಿ ಲೇಸರ್ ಬಿಟ್ಟು ತೋರಿಸ್ತಾರಲ್ಲ ಬ್ಲೂ ಕಟ್ ಅಂತ, ಆ ಮ್ಯಾಜಿಕ್‌ಗೂ ಯುವಿಗೂ ಸಂಬಂಧ ಇಲ್ಲ, ಸೈಕಲ್‌ಗೆ ಅದು ಬೇಕಾಗೂ ಇಲ್ಲ.

ಲೆನ್ಸ್ ಏನ್ರಲ್ಲಿ ಮಾಡಿದ್ದು ಅನ್ನೋದು ಮುಖ್ಯ. ನಿಜವಾದ ಗಾಜು ಬೇಡವೇ ಬೇಡ, ಬಿದ್ರೆ ಚೂರು ಕಣ್ಣೊಳಗೆ. ಅಕ್ರಿಲಿಕ್, ಫುಟ್‌ಪಾತ್ ಮಾಲಿನಲ್ಲಿ ಜಾಸ್ತಿ ಇರೋದು, ಅದೂ ಪೆಟ್ಟು ಬಿದ್ರೆ ಚೂಪಾಗಿ ಸೀಳುತ್ತೆ. ಪಾಲಿಕಾರ್ಬೊನೇಟ್ ಬಾಗುತ್ತೆ, ಗುಳಿ ಬೀಳುತ್ತೆ, ಒಡೆಯೋದು ತೀರಾ ಕಷ್ಟ, ಆದ್ರೆ ಮೈ ಮೆತ್ತಗೆ, ಬೇಗ ಗೀರು ಬೀಳುತ್ತೆ, ಅದಕ್ಕೆ ಮೇಲೆ ಗಟ್ಟಿ ಕೋಟಿಂಗ್ ಕೊಟ್ಟಿರ್ತಾರೆ. ಟ್ರೈವೆಕ್ಸ್ ಅಂತ ಇನ್ನೊಂದಿದೆ, ಅದೂ ಅಷ್ಟೇ ಗಟ್ಟಿ, ನೋಟ ಸ್ವಲ್ಪ ಇನ್ನೂ ಸ್ವಚ್ಛ, ಪವರ್ ಹಾಕಿಸೋರಿಗೆ ಉಪಯೋಗ.

ಗಟ್ಟಿತನಕ್ಕೆ ಮಾರ್ಕ್ ನೋಡ್ಬಹುದು. ಅಮೆರಿಕದ ಸ್ಟ್ಯಾಂಡರ್ಡ್ ಝಡ್87, ಅದ್ರ ಮುಂದೆ ಪ್ಲಸ್ ಇದ್ರೆ ಹೈ ಇಂಪ್ಯಾಕ್ಟ್ ಅಂತ: ಕಾಲು ಇಂಚಿನ ಸ್ಟೀಲ್ ಗುಂಡನ್ನ ಸೆಕೆಂಡಿಗೆ 45 ಮೀಟರ್ ಮೇಲೆ, ಅಂದ್ರೆ ಗಂಟೆಗೆ 160 ಕಿಲೋಮೀಟರ್ ದಾಟಿದ ಸ್ಪೀಡಲ್ಲಿ ಹೊಡೀತಾರೆ, ಅರ್ಧ ಕೆಜಿ ಚೂಪು ತೂಕಾನ 127 ಸೆಂಟಿಮೀಟರ್ ಮೇಲಿಂದ ಬೀಳಿಸ್ತಾರೆ, ಲೆನ್ಸ್ ಒಡೀಬಾರದು. ಯುರೋಪಿನದ್ದು ಇಎನ್ 166, ಅದ್ರಲ್ಲಿ ಎಫ್ ಅಂತ ಅಕ್ಷರ ಇದ್ರೆ ಹತ್ರಹತ್ರ ಇದೇ ಪರೀಕ್ಷೆ. ತಮಾಷೆ ನೋಡಿ, ಸಾವಿರಾರು ರೂಪಾಯಿ ಕೂಲಿಂಗ್ ಗ್ಲಾಸ್ ಎಷ್ಟೋ ಈ ಮಾರ್ಕ್ ಇಲ್ಲದೇ ಬರುತ್ತೆ, ಅವು ಪಾಸಾಗೋದು ಬಿಸಿಲ ಕನ್ನಡಕದ ಸ್ಟ್ಯಾಂಡರ್ಡ್‌ನಲ್ಲಿ, ಅದ್ರಲ್ಲಿ ಪೆಟ್ಟಿನ ಪರೀಕ್ಷೆ ಇಷ್ಟು ಕಠಿಣ ಇಲ್ಲ. ಅದೇ ಗ್ರೈಂಡಿಂಗ್ ಮಾಡೋರು, ಲೇತ್ ಮೇಲೆ ಕೆಲಸ ಮಾಡೋರು ಹಾಕೋ ಕ್ಲಿಯರ್ ಸೇಫ್ಟಿ ಗ್ಲಾಸ್, ಹಾರ್ಡ್‌ವೇರ್ ಅಂಗಡೀಲಿ ನೂರಿನ್ನೂರು ರೂಪಾಯಿ ಆಸುಪಾಸಲ್ಲಿ ಸಿಗೋದು, ಅದಕ್ಕೆ ಈ ಮಾರ್ಕ್ ಇರುತ್ತೆ, ಪಾಲಿಕಾರ್ಬೊನೇಟ್ ಇರುತ್ತೆ, ಮುಖಕ್ಕೆ ಸುತ್ಕೊಂಡಿರುತ್ತೆ. ಸೈಕಲ್‌ಗೆ ಇದಕ್ಕಿಂತ ಕಾಸಿಗೆ ತಕ್ಕ ಗ್ಲಾಸ್ ನಾನಂತೂ ಕಂಡಿಲ್ಲ. ಬೆಂಗಳೂರಲ್ಲಾದ್ರೆ ಎಸ್‌ಪಿ ರೋಡ್ ಸುತ್ತಮುತ್ತ ಹೋಗಿ ಕೇಳಿ, ಬೇರೆ ಊರಲ್ಲಿ ಇಂಡಸ್ಟ್ರಿಯಲ್ ಏರಿಯಾ ಪಕ್ಕದ ಯಾವ ಅಂಗಡೀಲಾದ್ರೂ ಇರುತ್ತೆ. ಕಡ್ಡಿ ಮೇಲೋ ಲೆನ್ಸ್ ಮೂಲೇಲೋ ಝಡ್87 ಪ್ಲಸ್ ಅಂತ ಕೊರೆದಿರೋದು ನೋಡಿ ತಗೊಳ್ಳಿ. ಸ್ಟೈಲ್ ಇರಲ್ಲ, ಒಪ್ತೀನಿ, ಲ್ಯಾಬ್ ಅಸಿಸ್ಟೆಂಟ್ ಥರ ಕಾಣ್ತೀರ.

ಸ್ಟೈಲ್ ಅಂದಾಗ ನೆನಪಾಯ್ತು, ಮುಖ ಅರ್ಧ ಮುಚ್ಚೋ ಈ ದೊಡ್ಡ ಗ್ಲಾಸ್ ಫ್ಯಾಷನ್ ಹೊಸದೇನಲ್ಲ. ಕೂಲಿಂಗ್ ಗ್ಲಾಸ್ ಮಾಡೋ ಓಕ್ಲೆ ಕಂಪನಿ ಶುರುವಾಗಿದ್ದು 1975ರಲ್ಲಿ, ಮೊದ್ಲು ಮಾಡ್ತಿದ್ದಿದ್ದು ಮೋಟೋಕ್ರಾಸ್ ಬೈಕಿನ ಹ್ಯಾಂಡಲ್ ಗ್ರಿಪ್ಪು. 80ರ ದಶಕದ ಮಧ್ಯದಲ್ಲಿ ಅಮೆರಿಕದ ಸೈಕ್ಲಿಸ್ಟ್ ಗ್ರೆಗ್ ಲೆಮಾಂಡ್ ಓಕ್ಲೆಯ ಐಶೇಡ್ ಅನ್ನೋ ದೊಡ್ಡ ಗ್ಲಾಸ್ ಹಾಕ್ಕೊಂಡು ಟೂರ್ ಡಿ ಫ್ರಾನ್ಸ್ ರೇಸ್ ಓಡಿದ, 1986ರಲ್ಲಿ ಗೆದ್ದೂಬಿಟ್ಟ, ಅಲ್ಲಿಂದ ಆಚೆ ಸೈಕ್ಲಿಸ್ಟ್ ಅಂದ್ರೆ ಗ್ಲಾಸ್ ಇರಲೇಬೇಕು ಅನ್ನೋ ಹಂಗಾಯ್ತು.

ಇರ್ಲಿ. ಕಪ್ಪಿನ ಲೆಕ್ಕಕ್ಕೆ ಬಂದ್ರೆ ಒಂದು ನಂಬರ್ ನೆನಪಿಟ್ಕೊಂಡ್ರೆ ಸಾಕು, ಕೆಟಗರಿ. 0ಯಿಂದ 4ರವರೆಗೆ ಇರುತ್ತೆ, ಕಡ್ಡಿ ಒಳಗಡೆ ಸಿಇ ಅನ್ನೋ ಯುರೋಪಿನ ಮಾರ್ಕ್ ಪಕ್ಕದಲ್ಲಿ ಬರೆದಿರುತ್ತೆ, ಡೆಕ್ಯಾಥ್ಲಾನ್ ಥರ ಸ್ಪೋರ್ಟ್ಸ್ ಅಂಗಡೀಲಾದ್ರೆ ಟ್ಯಾಗ್ ಮೇಲೂ ಇರುತ್ತೆ. ಕೆಟಗರಿ 0 ಅಂದ್ರೆ ಬೆಳಕಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಒಳಗೆ ಬಿಡುತ್ತೆ, ಇದೇ ಕ್ಲಿಯರ್. 1 ಅಂದ್ರೆ 43ರಿಂದ 80, 2 ಅಂದ್ರೆ 18ರಿಂದ 43, 3 ಅಂದ್ರೆ 8ರಿಂದ 18. 4 ಅಂದ್ರೆ 3ರಿಂದ 8 ಮಾತ್ರ, ಅದು ಹಿಮಪರ್ವತ ಹತ್ತೋರಿಗೆ, ಗಾಡಿ ಓಡಿಸೋಕೆ ಹಾಕಲೇಬಾರದು ಅಂತ ಸ್ಟ್ಯಾಂಡರ್ಡೇ ಹೇಳುತ್ತೆ. ಕೆಟಗರಿ ಹೇಳೋದು ಕಪ್ಪಿನ ಲೆಕ್ಕ ಅಷ್ಟೇ, ಯುವಿಗೆ 'ಯುವಿ 400' ಬೇರೆ ನೋಡಿ, ಅದಿದ್ರೆ 3ಕ್ಕಿಂತ 0 ಕಮ್ಮಿ ಸೇಫ್ ಅಂತೇನಿಲ್ಲ. ಬೆಳಿಗ್ಗೆ ಎಂಟರ ಮೇಲೆ ಬಯಲಲ್ಲಿ, ವಿಜಯಪುರ ಬಾಗಲಕೋಟೆ ಕಡೆ ಮರ ಇಲ್ಲದ ನೆಲದಲ್ಲಿ ಹೊಡೆಯೋರಿಗೆ 3 ಬೇಕು. ಮಲೆನಾಡಲ್ಲಿ, ಸಾಲುಮರದ ರೋಡಲ್ಲಿ, 2 ಸಾಕು, ಇನ್ನೂ ಕಮ್ಮಿ ಆದ್ರೂ ನಡೆಯುತ್ತೆ. ಯಾಕಂದ್ರೆ ಮರದ ಕೆಳಗೆ ಬಿಸಿಲು ನೆರಳು ಚುಕ್ಕಿಚುಕ್ಕಿ ಬಿದ್ದಿರುತ್ತೆ, ಗುಂಡಿ ಯಾವ್ದು ನೆರಳು ಯಾವ್ದು ಅಂತ ಬರಿಗಣ್ಣಿಗೇ ಗೊತ್ತಾಗಲ್ಲ, ಕಪ್ಪು ಗ್ಲಾಸ್ ಹಾಕಿದ್ರೆ ಕೇಳೋದೇ ಬೇಡ.

ಒಂದೇ ಗ್ಲಾಸಲ್ಲಿ ಎರಡೂ ಬೇಕು ಅನ್ನೋರಿಗೆ ಫೋಟೋಕ್ರೋಮಿಕ್ ಇದೆ, ಬಿಸಿಲಿಗೆ ಬಂದ್ರೆ ತಾನೇ ಕಪ್ಪಾಗೋದು. ತಗೊಳ್ಳೋ ಮುಂಚೆ ಅದು ಹೆಂಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳಿ, ಆಮೇಲೆ ಬೈಯೋದು ತಪ್ಪುತ್ತೆ. ಅದ್ರೊಳಗಿನ ಅಣುಗಳು ಯುವಿ ಬಿದ್ರೆ ಆಕಾರ ಬದಲಾಯಿಸಿ ಬೆಳಕು ನುಂಗೋಕೆ ಶುರು ಮಾಡ್ತವೆ, ಯುವಿ ಹೋದ್ರೆ ವಾಪಸ್. ಕಪ್ಪಾಗೋದು ಬೇಗ, ಅರ್ಧ ಒಂದು ನಿಮಿಷದಲ್ಲಿ ಚೆನ್ನಾಗೇ ಆಗುತ್ತೆ, ತಿಳಿಯಾಗೋದಕ್ಕೆ ಮಾತ್ರ ಹಲವಾರು ನಿಮಿಷ. ಹಂಗಾಗಿ ಬಿಸಿಲಿಂದ ಅಂಡರ್‌ಪಾಸ್‌ಗೆ ಇಳಿದ್ರೆ ಅದು ಕಪ್ಪಾಗೇ ಇರುತ್ತೆ, ನೀವು ಆಚೆ ಬಂದ್ಮೇಲೆ ಅದಕ್ಕೆ ಗೊತ್ತಾಗೋದು. ಇನ್ನೊಂದು, ಬಿಸಿ ಜಾಸ್ತಿ ಇದ್ರೆ ಕಪ್ಪಾಗೋದು ಕಮ್ಮಿ, ಚಳಿ ಇದ್ರೆ ಜಾಸ್ತಿ: ಮಡಿಕೇರಿ ಜನವರಿ ಬೆಳಿಗ್ಗೆ ಕಪ್ಪಗಾಗೋ ಗ್ಲಾಸೇ ಕಲಬುರಗಿ ಏಪ್ರಿಲ್ ಮಧ್ಯಾಹ್ನ ಅಷ್ಟು ಕಪ್ಪಾಗಲ್ಲ, ಮಾಲು ಡೂಪ್ಲಿಕೇಟ್ ಅಂತ ಅಂದ್ಕೋಬೇಡಿ. ತಗೊಂಡ್ರೆ 0ಯಿಂದ 3 ಇಲ್ಲಾ 1ರಿಂದ 3 ಅಂತ ಬರೆದಿರೋದು ತಗೊಳ್ಳಿ, 2ರಿಂದ ಶುರುವಾಗೋದು ಬೆಳಗಿನ ಜಾವಕ್ಕೆ ಉಪಯೋಗಕ್ಕೆ ಬರಲ್ಲ. ದುಡ್ಡಿದ್ದು, ನಸುಕಿಂದ ಹತ್ತು ಗಂಟೆವರೆಗೆ ಹೊಡೆಯೋರಿಗೆ ನನ್ನ ಮೊದಲ ಓಟು ಇದಕ್ಕೇ. ಲೆನ್ಸ್ ಬದಲಾಯಿಸೋ ಗ್ಲಾಸೂ ಬರುತ್ತೆ, ಒಂದು ಫ್ರೇಮು ಎರಡ್ಮೂರು ಲೆನ್ಸು, ಆದ್ರೆ ರೋಡ್ ಪಕ್ಕ ನಿಂತು ಬೆವರು ಕೈಯಲ್ಲಿ ಲೆನ್ಸ್ ಕಿತ್ತು ಹಾಕೋದು ಯಾರಿಗೆ ಬೇಕು, ಬಹಳ ಜನ ಕಪ್ಪು ಲೆನ್ಸ್ ಹಾಕಿ ಉಳಿದಿದ್ದನ್ನ ಡಬ್ಬೀಲೇ ಇಟ್ಟಿರ್ತಾರೆ.

ಪೋಲರೈಸ್ಡ್ ಬಗ್ಗೆ ಅಂಗಡಿಯವ್ರು ಜಾಸ್ತಿ ಹೊಗಳ್ತಾರೆ. ನೀರು, ಒದ್ದೆ ರೋಡು, ಕಾರಿನ ಬಾನೆಟ್ಟು, ಇಂಥ ಅಡ್ಡ ಮೈ ಮೇಲಿಂದ ಬೆಳಕು ಚಿಮ್ಮಿದಾಗ ಅದ್ರ ಕಂಪನ ಹೆಚ್ಚಾಗಿ ಅಡ್ಡಡ್ಡವಾಗಿರುತ್ತೆ, ಪೋಲರೈಸ್ಡ್ ಲೆನ್ಸ್ ಅಡ್ಡ ಕಂಪನನ ತಡೆದು ಉದ್ದುದ್ದದ್ದು ಮಾತ್ರ ಬಿಡುತ್ತೆ, ಕಣ್ಣು ಕುಕ್ಕೋದು ಸಟ್ಟಂತ ಕಮ್ಮಿ ಆಗುತ್ತೆ. ಕಾರಿಗೆ, ಮೀನು ಹಿಡಿಯೋರಿಗೆ ಬಹಳ ಒಳ್ಳೇದು. ಸೈಕಲ್‌ಗೆ ನಾನು ಅನುಮಾನದಿಂದ ನೋಡ್ತೀನಿ, ಯಾಕಂದ್ರೆ ಮಳೆ ಬಂದು ನಿಂತ ಮೇಲೆ ರೋಡಲ್ಲಿ ಎಲ್ಲಿ ಒದ್ದೆ ಎಲ್ಲಿ ಆಯಿಲ್ ಬಿದ್ದಿದೆ ಅಂತ ನಮಗೆ ಗೊತ್ತಾಗೋದೇ ಆ ಹೊಳಪಿಂದ, ಹೊಳಪನ್ನೇ ಅಳಿಸಿಬಿಟ್ರೆ ಎರಡು ಸಣ್ಣ ಟೈರ್ ಮೇಲೆ ಹೋಗೋರಿಗೆ ಅದು ನಷ್ಟ. ಅದ್ರ ಜೊತೆ ಹ್ಯಾಂಡಲ್ ಮೇಲೆ ಸಿಗಿಸಿರೋ ಮೊಬೈಲ್ ಪರದೆ ಕೆಲವು ಕೋನದಲ್ಲಿ ಪೂರ್ತಿ ಕಪ್ಪಾಗುತ್ತೆ. ಅಂಗಡೀಲಿ ನಿಜವಾಗ್ಲೂ ಪೋಲರೈಸ್ಡಾ ಅಂತ ನೋಡೋಕೂ ಇದೇ ಉಪಾಯ, ಗ್ಲಾಸ್ ಹಿಡಿದು ಮೊಬೈಲ್ ಪರದೆ ನೋಡ್ತಾ ನಿಧಾನಕ್ಕೆ ತಿರುಗಿಸಿ.

ಬಣ್ಣದಲ್ಲಿ ಬೂದು ಎಲ್ಲಾ ಬಣ್ಣನೂ ಇದ್ದಂಗೆ ತೋರಿಸುತ್ತೆ. ಕಂದು, ತಾಮ್ರ, ಗುಲಾಬಿ ಛಾಯೆಯವು ನೀಲಿ ಬೆಳಕನ್ನ ಸ್ವಲ್ಪ ಕತ್ತರಿಸಿ ರೋಡಿನ ಒರಟು, ಬಿರುಕು, ಗುಂಡಿ ಅಂಚು ಎದ್ದು ಕಾಣೋ ಹಂಗೆ ಮಾಡುತ್ತೆ, ನಮ್ಮ ರೋಡಿಗೆ ಇದೇ ವಾಸಿ. ಓಕ್ಲೆಯವರ ಪ್ರಿಝಂ, ಸ್ಮಿತ್‌ನವರ ಕ್ರೋಮಾಪಾಪ್ ಅಂತೆಲ್ಲಾ ಬರುತ್ತಲ್ಲ, ಅವು ಇದೇ ಕೆಲಸನ ಇನ್ನೂ ನಾಜೂಕಾಗಿ, ಆಯ್ದ ತರಂಗ ಮಾತ್ರ ಕತ್ತರಿಸಿ ಮಾಡ್ತವೆ, ವ್ಯತ್ಯಾಸ ನಿಜ, ಬೆಲೆನೂ ನಿಜ. ಮೇಲಿನ ಕನ್ನಡಿ ಕೋಟಿಂಗ್ ಬೆಳಕು ಸ್ವಲ್ಪ ವಾಪಸ್ ಕಳಿಸುತ್ತೆ, ಬಾಕಿ ಶೋಕಿ. ಹಳದಿ ಲೆನ್ಸ್ ಮಂಜಿಗೆ, ಮೋಡಕ್ಕೆ ಪರವಾಗಿಲ್ಲ, ಆದ್ರೆ 'ನೈಟ್ ವಿಷನ್' ಅಂತ ಮಾರ್ತಾರಲ್ಲ ಹಳದಿ ಗ್ಲಾಸ್, ಎದುರು ಲಾರಿ ಹೈ ಬೀಮ್ ಕುಕ್ಕಲ್ಲ ಅಂತ, ಅದನ್ನ ನಂಬ್ಬೇಡಿ. ರಾತ್ರಿ ಮೊದಲೇ ಬೆಳಕು ಕಮ್ಮಿ, ಹಳದಿ ಅದನ್ನ ಇನ್ನೂ ಕಮ್ಮಿ ಮಾಡುತ್ತೆ, ಲಾರಿ ಲೈಟ್ ಕಮ್ಮಿ ಆದಷ್ಟೇ ರೋಡ್ ದಾಟ್ತಿರೋ ಮನುಷ್ಯನೂ ಮಂಕಾಗ್ತಾನೆ. 300, 400 ಕಿಲೋಮೀಟರ್ ಬ್ರೆವೆಟ್, ಅಂದ್ರೆ ಗಡುವಿನೊಳಗೆ ಮುಗಿಸೋ ದೂರದ ಸವಾರಿ ಹೊಡೆಯೋರು, 400ಕ್ಕೆ 27 ಗಂಟೆ ಸಮಯ ಅಂದ್ಮೇಲೆ ರಾತ್ರಿಯಿಡೀ ಹೊಡೀಲೇಬೇಕಲ್ಲ, ಅವರಿಗೆ ಕ್ಲಿಯರ್ ಬಿಟ್ರೆ ಬೇರೆ ದಾರಿ ಇಲ್ಲ.

ಅಂಗಡೀಲಿ ಗ್ಲಾಸ್ ಕೈಗೆ ತಗೊಂಡಾಗ ಮೊದ್ಲು ಹೀಗೆ ಮಾಡಿ: ಕೈ ಚಾಚಿ ಹಿಡಿದು ಒಂದು ಕಣ್ಣು ಮುಚ್ಚಿ, ಲೆನ್ಸ್ ಮೂಲಕ ಬಾಗಿಲ ಚೌಕಟ್ಟೋ ಗೋಡೆ ಟೈಲ್ಸ್ ಗೆರೆನೋ ನೋಡಿ, ಗ್ಲಾಸ್‌ನ ನಿಧಾನಕ್ಕೆ ಆಚೆ ಈಚೆ ಸರಿಸಿ. ಗೆರೆ ನೆಟ್ಟಗಿದ್ರೆ ಸರಿ. ಅಂಚಲ್ಲಿ ಗೆರೆ ಹಾವಿನ ಥರ ಹರಿದಾಡಿದ್ರೆ ಅಲ್ಲೇ ಇಟ್ಟು ಬನ್ನಿ, ಎರಡು ಗಂಟೆ ಹಾಕ್ಕೊಂಡ್ರೆ ತಲೆನೋವು ಗ್ಯಾರಂಟಿ, ಇಳಿಜಾರಲ್ಲಿ ದೂರದ ಅಂದಾಜೂ ತಪ್ಪುತ್ತೆ. ಆಮೇಲೆ ನಿಮ್ಮ ಹೆಲ್ಮೆಟ್ ತಗೊಂಡು ಹೋಗಿರ್ಬೇಕು, ನಗ್ತಾರೆ ಅಂತ ನಾಚ್ಕೋಬೇಡಿ. ಹೆಲ್ಮೆಟ್ ಹಿಂದಿನ ಬಿಗಿಮಾಡೋ ಪಟ್ಟಿ ಗ್ಲಾಸ್ ಕಡ್ಡಿಗೆ ತಾಗಿದ್ರೆ ಪ್ರತಿ ಸಲ ತಲೆ ಎತ್ತಿದಾಗ ಗ್ಲಾಸ್ ಕೆಳಗೆ ಜಾರುತ್ತೆ. ಹೆಲ್ಮೆಟ್ ಹಾಕ್ಕೊಂಡು ಸೈಕಲ್ ಮೇಲಿರೋ ಥರ ಬಗ್ಗಿ, ಬಗ್ಗಿಯೇ ದೂರ ನೋಡಿ. ರೋಡ್ ಬೈಕಲ್ಲಿ, ಅಂದ್ರೆ ಬಗ್ಗಿ ಹೊಡೆಯೋ ರೇಸ್ ಥರದ ಸೈಕಲ್ಲಲ್ಲಿ, ನಾವು ನೋಡೋದು ಲೆನ್ಸ್‌ನ ಮೇಲಿನ ಅಂಚಿಂದ, ಅಲ್ಲಿ ದಪ್ಪ ಫ್ರೇಮ್ ಇದ್ರೆ ಅದು ಸರಿಯಾಗಿ ರೋಡಿಗೆ ಅಡ್ಡ ಬರುತ್ತೆ, ಎತ್ತರದ ಲೆನ್ಸ್ ಇಲ್ಲಾ ಮೇಲೆ ಫ್ರೇಮ್ ಇಲ್ಲದ್ದು ಬೇಕಾಗೋದು ಅದಕ್ಕೇ. ಮೂಗಿನ ಪ್ಯಾಡ್ ಬಗ್ಗಿಸಿ ಅಳತೆಗೆ ಕೂರಿಸೋ ಥರ ಇದ್ರೆ ಒಳ್ಳೇದು, ಚಪ್ಪಟೆ ಮೂಗಿನವರಿಗೆ ಅದಿಲ್ದೆ ಗ್ಲಾಸ್ ಕೆನ್ನೆ ಮೇಲೆ ಕೂರುತ್ತೆ. ಹಾಕುವಾಗ ಕಡ್ಡಿ ಹೆಲ್ಮೆಟ್ ದಾರದ ಹೊರಗೆ ಬರ್ಲಿ, ಬಿದ್ರೆ ಗ್ಲಾಸ್ ಕಳಚಿ ಹೋಗುತ್ತೆ, ಮುಖಕ್ಕೆ ಒತ್ಕೊಳ್ಳಲ್ಲ.

ಮಂಜು ಕಟ್ಟೋದು ಎಲ್ಲರ ದೂರು. ಮುಖದಿಂದ ಬರೋ ಬಿಸಿ ಒದ್ದೆ ಗಾಳಿ ತಣ್ಣಗಿರೋ ಲೆನ್ಸ್‌ಗೆ ತಾಗಿ ಹನಿ ಆಗುತ್ತೆ ಅಷ್ಟೇ, ಓಡ್ತಿರುವಾಗ ಗಾಳಿ ಹೊಡ್ಕೊಂಡು ಹೋಗುತ್ತೆ, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಶುರು. ಮಳೆಗಾಲದ ಘಾಟಿ ಹತ್ತುವಾಗ ಸ್ಪೀಡ್ ಇರಲ್ಲ, ಬೆವರಿರುತ್ತೆ, ಗಾಳಿಲೂ ತೇವ, ಆಗ ಯಾವ ಕೋಟಿಂಗೂ ಪೂರ್ತಿ ನಿಲ್ಲಲ್ಲ. ಲೆನ್ಸ್‌ಗೂ ಹುಬ್ಬಿಗೂ ಸ್ವಲ್ಪ ಸಂದು ಇರೋದು, ಲೆನ್ಸ್ ಅಂಚಲ್ಲಿ ತೂತು ಇರೋದು ನೋಡಿ ತಗೊಳ್ಳಿ, ಹತ್ತುವಾಗ ಗ್ಲಾಸ್‌ನ ಮೂಗಿನ ಮೇಲೆ ಅರ್ಧ ಇಂಚು ಕೆಳಗೆ ಎಳ್ಕೊಳ್ಳಿ, ಇಳಿಯೋ ಮುಂಚೆ ಮೇಲಕ್ಕೆ. ಕಣ್ರೆಪ್ಪೆ ಲೆನ್ಸ್‌ಗೆ ತಾಗ್ತಿದ್ರೆ ಆ ಗ್ಲಾಸ್ ನಿಮ್ಮದಲ್ಲ.

ಪವರ್ ಇರೋರ ಕಷ್ಟ ಬೇರೆ. ಮುಖಕ್ಕೆ ಸುತ್ಕೊಳ್ಳೋ ಲೆನ್ಸ್‌ಗೆ ಬಾಗು ಜಾಸ್ತಿ, ಮಾಮೂಲಿ ಸಪಾಟು ಕನ್ನಡಕದ ನಂಬರ್‌ನೇ ಅದಕ್ಕೆ ಹಾಕಿಸಿದ್ರೆ ನೆಲ ತೇಲಿದಂಗೆ ಆಗುತ್ತೆ, ಬಾಗಿಗೆ ತಕ್ಕ ಹಾಗೆ ಲೆಕ್ಕ ಹಾಕಿ ಕೊರೆಯೋ ಲ್ಯಾಬ್ ಬೇಕು, ಪವರ್ ಜಾಸ್ತಿ ಇದ್ರೆ ಅದೂ ಆಗಲ್ಲ. ಎರಡನೇ ದಾರಿ ಹಿಂದೆ ಸಣ್ಣ ಕ್ಲಿಪ್ ಕೂರಿಸೋದು, ಪವರ್ ಅದ್ರಲ್ಲಿ, ಮುಂದೆ ಯಾವ ಲೆನ್ಸಾದ್ರೂ ಹಾಕ್ಬಹುದು, ಕಾಸೂ ಕಮ್ಮಿ, ಆದ್ರೆ ಎರಡು ಪದರ ಅಂದ್ರೆ ಮಂಜೂ ಡಬಲ್. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಮೇಲೆ ಮಾಮೂಲಿ ಸೈಕ್ಲಿಂಗ್ ಗ್ಲಾಸ್ ಹಾಕೋದು ನೋಟಕ್ಕೆ ಎಲ್ಲಕ್ಕಿಂತ ಚೆಂದ, ಆದ್ರೆ ಧೂಳು ಹೋದ್ರೆ ಬಾಟಲ್ ನೀರಲ್ಲಿ ಲೆನ್ಸ್ ತೊಳೆದು ವಾಪಸ್ ಹಾಕೋದು ಖಂಡಿತ ಮಾಡ್ಬೇಡಿ, ನಲ್ಲಿ ನೀರಲ್ಲಿರೋ ಅಕಾಂತಮೀಬ ಅನ್ನೋ ಜೀವಿ ಲೆನ್ಸ್ ಕೆಳಗೆ ಸೇರ್ಕೊಂಡ್ರೆ ಕಾರ್ನಿಯಾನೇ ತಿನ್ನುತ್ತೆ, ಕಣ್ಣಲ್ಲಿ ಕಿರಿಕಿರಿ ಆದ್ರೆ ಲೆನ್ಸ್ ತೆಗೆದು ಬಿಸಾಕಿ, ಬ್ಯಾಗಲ್ಲಿ ಒಂದು ಜೊತೆ ಹಳೇ ಕನ್ನಡಕ ಇಟ್ಕೊಂಡಿರಿ. ಇದ್ಯಾವ್ದೂ ಬೇಡ, ಇರೋ ಕನ್ನಡಕದಲ್ಲೇ ಹೊಡೀತೀನಿ ಅಂದ್ರೆ ಮುಂದಿನ ಸಲ ಮಾಡಿಸುವಾಗ ಲೆನ್ಸ್ ಪಾಲಿಕಾರ್ಬೊನೇಟ್ ಇಲ್ಲಾ ಟ್ರೈವೆಕ್ಸ್ ಹಾಕಿ ಅನ್ನಿ, ಸ್ವಲ್ಪ ಅಗಲ ಫ್ರೇಮ್ ಆರಿಸಿ. ಕನ್ನಡಕದ ಮೇಲೆ ಹಾಕೋ ಸೇಫ್ಟಿ ಗ್ಲಾಸೂ ಅದೇ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ನೋಡೋಕೆ ಕನ್ನಡಕಕ್ಕೆ ಕನ್ನಡಕ ಹಾಕಿದಂಗೆ ಇರುತ್ತೆ, ಧೂಳಿಗೆ ಮಾತ್ರ ಅದನ್ನ ಮೀರಿಸೋದು ಬೇರೆ ಇಲ್ಲ.

ತಗೊಂಡ್ಮೇಲೆ ಹಾಳು ಮಾಡೋದು ಬಹುತೇಕ ಒರೆಸೋದ್ರಲ್ಲೇ. ಬೆವರು ಒಣಗಿ ಉಪ್ಪಾಗಿರುತ್ತೆ, ಮೇಲೆ ಧೂಳು, ಅದನ್ನ ಜೆರ್ಸಿ ಅಂಚಲ್ಲಿ ಉಜ್ಜಿದ್ರೆ ಸ್ಯಾಂಡ್‌ಪೇಪರ್ ಹಾಕಿದಂಗೆ. ಮೊದ್ಲು ನೀರು ಹಾಕಿ ಧೂಳು ಇಳಿಸಿ, ಬೆರಳಲ್ಲಿ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ತೊಳೆದು ಮೆತ್ತನೆ ಬಟ್ಟೆಗೆ ಒತ್ತಿ ಒಣಗಿಸಿ. ಸೊಳ್ಳೆಗೆ ಅಂತ ಹಚ್ಕೊಳ್ಳೋ ಕ್ರೀಮಲ್ಲಿ ಡೀಟ್ ಅನ್ನೋ ರಾಸಾಯನಿಕ ಇದ್ರೆ ಆ ಕೈಯಲ್ಲಿ ಗ್ಲಾಸ್ ಮುಟ್ಬೇಡಿ, ಅದು ಪ್ಲಾಸ್ಟಿಕ್ ತಿನ್ನುತ್ತೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ರೆ ಕೋಟಿಂಗ್ ಬಿರುಕು ಬಿಡುತ್ತೆ. ನಡುವಲ್ಲೇ ಗೀರು ಬಿದ್ದ ಲೆನ್ಸ್ ಎದುರು ಬೆಳಕಿಗೆ ಹೊಳೆದು ಕಣ್ಣಿಗೆ ಪರದೆ ಹಾಕುತ್ತೆ, ಆ ಹಂತಕ್ಕೆ ಬಂದ್ರೆ ಬದಲಾಯಿಸಿ.

ದುಡ್ಡಿನ ಲೆಕ್ಕದಲ್ಲಿ ಹೇಳೋದಾದ್ರೆ ನಾನಾದ್ರೆ ಹೀಗೆ ಮಾಡ್ತೀನಿ: ಮೊದ್ಲು ಹಾರ್ಡ್‌ವೇರ್ ಅಂಗಡಿ ಕ್ಲಿಯರ್ ಸೇಫ್ಟಿ ಗ್ಲಾಸ್, ಆಮೇಲೆ ಬಿಸಿಲಿಗೆ ಸಾವಿರ ಎರಡು ಸಾವಿರದೊಳಗೆ ಕಂದು ಛಾಯೆ ಕೆಟಗರಿ 3ದು ಒಂದು. ಇನ್ನೂ ದುಡ್ಡಿದ್ರೆ ಎರಡರ ಬದ್ಲು ಒಂದು ಫೋಟೋಕ್ರೋಮಿಕ್. ಹತ್ತು ಸಾವಿರದ ಮೇಲಿನದಕ್ಕೆ ನೀವು ಕೊಡೋದು ನೋಟದ ನಾಜೂಕಿಗೆ, ಹಗುರಕ್ಕೆ, ಬಿಡಿಭಾಗ ಸಿಗೋದಕ್ಕೆ, ಹೆಸರಿಗೆ. ಯುವಿಗಲ್ಲ, ಅದು ಇನ್ನೂರು ರೂಪಾಯಿ ಸೇಫ್ಟಿ ಗ್ಲಾಸಲ್ಲೇ ಬಂದಿರುತ್ತೆ. ಅದೇ ಹೆಸರು ಹಾಕಿದ ನಕಲಿ, 'ಫಸ್ಟ್ ಕಾಪಿ' ಅಂತಾರಲ್ಲ, ಅದನ್ನ ತಗೊಂಡ್ರೆ ಮಾತ್ರ ಎರಡು ಕಡೆಯಿಂದಲೂ ಲಾಸು: ದುಡ್ಡೂ ಹೋಯ್ತು, ಆ ಗುಣಮಟ್ಟನೂ ಸಿಗಲಿಲ್ಲ.

ಇನ್ನು ಮಕ್ಕಳದ್ದು. ಮಕ್ಕಳ ಕಣ್ಣೊಳಗಿನ ಲೆನ್ಸ್ ತುಂಬಾ ತಿಳಿ, ದೊಡ್ಡೋರ ಕಣ್ಣಿಗಿಂತ ಜಾಸ್ತಿ ಯುವಿ ಒಳಗೆ ಬಿಡುತ್ತೆ, ನಾವು ನೋಡಿದ್ರೆ ಜಾತ್ರೇಲಿ ಆಟದ ಸಾಮಾನಿನ ಜೊತೆ ಸಿಗೋ ಕಪ್ಪು ಗ್ಲಾಸ್ ಕೊಡಿಸ್ತೀವಿ. ಅದನ್ನ ಫೋಟೋಗೆ ಇಟ್ಕೊಳ್ಳಿ. ಸೈಕಲ್ ಹೊಡೆಯೋ ಮಗೂಗೆ ಕೆಟಗರಿ ನಂಬರ್ ಇರೋ ಮಕ್ಕಳ ಸೈಜ್ ಗ್ಲಾಸ್ ಸ್ಪೋರ್ಟ್ಸ್ ಅಂಗಡೀಲಿ ಸಿಗುತ್ತೆ, ಹಿಂದೆ ಎಲಾಸ್ಟಿಕ್ ದಾರ ಇರೋದು ಕೊಡಿಸಿ, ಇಲ್ಲಾಂದ್ರೆ ಮೊದಲನೇ ದಿನಾನೇ ಎಲ್ಲೋ ಬೀಳಿಸ್ಕೊಂಡು ಬರ್ತಾರೆ.